ಸರ್ವರ್ ಯಾವಾಗ ಬರುತ್ತಾನೆ?



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳು ಸೇರಿ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಒಂದೊಂದು ತಾಲ್ಲೂಕಿನ ಮಾತಿನ ಧಾಟಿ ಒಂದೊಂದು ಬಗೆಯದು. ಪಾವಗಡವನ್ನು ಆಂಧ್ರದ ನೆಲ ಬಳಸಿಕೊಂಡಿರುವುದರಿಂದ ಅಲ್ಲಿಯ ಕನ್ನಡದಲ್ಲಿ ತೆಲುಗಿನ ಛಾಯೆ ಕಾಣುತ್ತದೆ. ಕೊರಟಗೆರೆಗೆ ಬಂದರೆ ಆ ಛಾಯೆ ಇಲ್ಲ. ಆದರೆ ನಾಲ್ಕು ತಾಲ್ಲೂಕುಗಳಲ್ಲಿಯೂ ಅಕ್ಷರ ವ್ಯತ್ಯಾಸವಿಲ್ಲದೆ ಕೇಳಿಬರುವ ಮಾತೊಂದುಂಟು. ‘ಸರ್ವರ್ ಇಲ್ಲ’ ಎಂಬುದೇ ಆ ಮಾತು. ಪಹಣಿಗೆ ಹೋದವರು ಅದನ್ನು ಕೇಳುತ್ತಾರೆ. ಜಾತಿ ಆದಾಯದ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯಲ್ಲಿ ನಿಂತವರು ಕೇಳುತ್ತಾರೆ. ಜಮೀನಿನ ನೋಂದಣಿಗೆಂದು ಸಾಕ್ಷಿಗಳನ್ನು ಕಟ್ಟಿಕೊಂಡು, ಒಳ್ಳೆಯ ಮುಹೂರ್ತ ನೋಡಿಕೊಂಡು ಬಂದವರೂ ಕೇಳುತ್ತಾರೆ.

ಕೆಲವು ಕಾಲದ ಹಿಂದೆ ನಮ್ಮ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯೊಬ್ಬರು ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿದರು. ಆಗಲಿಲ್ಲ. ಸೆರಗಿನಿಂದ ಬೆರಳನ್ನು ಒರಸಿಕೊಂಡು ಮತ್ತೆ ಒತ್ತಿದರು. ಅಂಗಡಿಯವನು, “ಸರ್ವರ್ ಇಲ್ಲ ಕಣಜ್ಜಿ, ಆಮೇಲೆ ಬಾ” ಎಂದ. ಅಜ್ಜಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತರು. “ಯಾರಪ್ಪಾ ಅವನು ಸರ್ವರು? ಎಷ್ಟೊತ್ತಿಗೆ ಬತ್ತಾನೆ? ಬರೋಗಂಟ ಇಲ್ಲೇ ಕುಂತಿರ್ತೀನಿ” ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಆ ನಗು ನನಗೆ ಹಿತವೆನಿಸಲಿಲ್ಲ. ಅಜ್ಜಿ ಕೇಳಿದ ಪ್ರಶ್ನೆಯಲ್ಲಿ ತಪ್ಪೇನಿತ್ತು? ಸರ್ವರ್ ಎಂಬುದು ಎಲ್ಲಿಯೋ ಇದೆ, ಅದಕ್ಕೊಬ್ಬ ಕರ್ತೃವಿದ್ದಾನೆ, ಅದು ಬರುವುದಕ್ಕೊಂದು ಹೊತ್ತು ಇದೆ ಎಂದು ಆಕೆ ತಿಳಿದಿದ್ದರು. ನಕ್ಕವರಾದ ನಾವೋ, ಮಳೆ ಬರಲಿಲ್ಲ ಎನ್ನುವಂತೆ ಸರ್ವರ್ ಬರಲಿಲ್ಲ ಎಂದು ಹೇಳಿ ಸುಮ್ಮನಾಗುತ್ತೇವೆ. ನಮ್ಮ ಸೀಮೆಯವರಿಗೆ ಮಳೆಗಾಗಿ ಕಾಯುವುದು ಹೊಸದಲ್ಲ. ಆದರೆ ಮಳೆಗೆ ಹೊಣೆಗಾರರಿಲ್ಲ, ಸರ್ವರಿಗೆ ಹೊಣೆಗಾರರುಂಟು. ಅವರು ಯಾರು, ಎಲ್ಲಿ ಕುಳಿತು, ಹೇಗೆ ಅದನ್ನು ನೋಡಿಕೊಳ್ಳುತ್ತಾರೆ ಎಂಬುದನ್ನು ನಾನು ಬಲ್ಲಮಟ್ಟಿಗೆ ಈ ಹೊತ್ತು ನಿಮಗೆ ತಿಳಿಸುತ್ತೇನೆ.

ಮೊದಲು ಶಬ್ದಾರ್ಥವನ್ನು ನೋಡೋಣ. ಸರ್ವರ್ ಎಂದರೆ ಬಡಿಸುವವನು, ಅಷ್ಟೆ. ಊಟದ ಪಂಕ್ತಿಯಲ್ಲಿ ಕುಳಿತವರು ಕೇಳಿದ್ದನ್ನು ತಂದು ಎಲೆಗೆ ಹಾಕುವವನಿದ್ದಾನಲ್ಲ, ಅವನ ಕೆಲಸವೇ ಇದರ ಕೆಲಸ. ಇದೂ ಒಂದು ಗಣಕಯಂತ್ರವೇ. ಆದರೆ ಒಬ್ಬರ ಮೇಜಿನ ಮೇಲೆ ಕುಳಿತು ಒಬ್ಬರ ಕೆಲಸ ಮಾಡುವುದಿಲ್ಲ. ದೂರದಿಂದ ಸಾವಿರಾರು ಜನ ಕೇಳಿದ್ದಕ್ಕೆ ಉತ್ತರವನ್ನು ಬಡಿಸುತ್ತ ಹೋಗುತ್ತದೆ. ಪಹಣಿ ಬೇಕೆಂದವರಿಗೆ ಪಹಣಿ, ಅಂಕಪಟ್ಟಿ ಬೇಕೆಂದವರಿಗೆ ಅಂಕಪಟ್ಟಿ. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೂ ಚಿಂತೆಯಿಲ್ಲ ಎಂಬ ಗಾದೆಯಿದೆ. ಈ ಬಡಿಸುವವನಿಗೆ ನಮ್ಮವರು ತಮ್ಮವರು ಎಂಬ ಭೇದವಿಲ್ಲ. ಅದು ಅವನ ದೊಡ್ಡ ಗುಣ. ಆದರೆ ಅವನು ಅಡಿಗೆಯ ಮನೆಯಿಂದ ಹೊರಗೇ ಬಾರದಿದ್ದರೆ ಮೊದಲ ಪಂಕ್ತಿಯೂ ಹಸಿದಿರಬೇಕಾಗುತ್ತದೆ.

ಈ ಬಡಿಸುವವನು ನಮ್ಮಿಂದ ಹಂತಹಂತವಾಗಿ ದೂರ ಸರಿದಿದ್ದಾನೆ. ಹಿಂದೆ ಹಳ್ಳಿಯ ಜಮೀನಿನ ಲೆಕ್ಕ ಶಾನುಭೋಗರ ಮನೆಯಲ್ಲಿರುತ್ತಿದ್ದಿತು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು ರದ್ದಾಗಿ, ಆ ಪುಸ್ತಕಗಳು ಗ್ರಾಮಲೆಕ್ಕಿಗರ ಕೈಗೆ ಬಂದವು. ೨೦೦೦ದ ಇಸವಿಯ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು, ೬೭ ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ೨೦೦೨ರ ಹೊತ್ತಿಗೆ ಕೈಬರಹದ ಪಹಣಿ ನಿಂತುಹೋಯಿತು. ಆಗ ಆ ಯಂತ್ರ ಇದ್ದುದು ತಾಲ್ಲೂಕು ಕಚೇರಿಯಲ್ಲಿಯೇ. ಮಧುಗಿರಿಯ ಪಹಣಿ ಮಧುಗಿರಿಯಲ್ಲಿ, ಸಿರಾದ್ದು ಸಿರಾದಲ್ಲಿ. ಮುಂದೆ ಎಲ್ಲ ತಾಲ್ಲೂಕುಗಳ ಲೆಕ್ಕವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಶಾನುಭೋಗರ ಅಟ್ಟದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ರಾಜಧಾನಿಗೆ—ಒಂದು ಎಕರೆ ಹೊಲದ ಪತ್ರ ಇಷ್ಟು ಪ್ರಯಾಣ ಮಾಡಿದೆ. ಆಧಾರ್ ಬೆರಳಚ್ಚಿನ ಕಥೆ ಇನ್ನೂ ದೂರದ್ದು. ಅದರ ದತ್ತಾಂಶ ಕೇಂದ್ರಗಳು ಬೆಂಗಳೂರಿನಲ್ಲೊಂದು, ಹರಿಯಾಣದ ಮಾನೇಸರದಲ್ಲೊಂದು. ನಮ್ಮ ಅಜ್ಜಿಯ ಹೆಬ್ಬೆಟ್ಟು ಅಲ್ಲಿಯ ತನಕ ಹೋಗಿ, ‘ಈಕೆ ಆಕೆಯೇ ಹೌದು’ ಎಂಬ ಮಾತನ್ನು ತಂದರೆ ಇಲ್ಲಿ ಅಕ್ಕಿ ತಕ್ಕಡಿಗೆ ಬೀಳುತ್ತದೆ.

ಇದರಿಂದ ಲಾಭವಾಗಲಿಲ್ಲವೆಂದು ನಾನು ಹೇಳಲಾರೆ. ಪಾವಗಡದ ಹೊಲದ ಪಹಣಿಯನ್ನು ಈಗ ತುಮಕೂರಿನಲ್ಲಿ ಕುಳಿತೂ ತೆಗೆಯಬಹುದು. ಒಬ್ಬರ ಮರ್ಜಿ ಕಾದು ಅವರ ಜಗಲಿಯಲ್ಲಿ ಕುಳಿತಿರುವ ಕಷ್ಟ ತಪ್ಪಿದೆ. ಆದರೆ ಜಗಲಿಯಲ್ಲಿ ಕುಳಿತವನಿಗೆ ಒಳಗೆ ಯಾರಿದ್ದಾರೆಂಬುದಾದರೂ ಗೊತ್ತಿರುತ್ತಿತ್ತು. ಈಗ ಅದು ಗೊತ್ತಿಲ್ಲ.

ದತ್ತಾಂಶ ಕೇಂದ್ರವನ್ನು ‘ಡೇಟಾ ಸೆಂಟರ್’ ಎಂದೂ ಕರೆಯುವುದು ವಾಡಿಕೆ. ಈಚೆಗೆ ‘ಕ್ಲೌಡ್’, ಅಂದರೆ ಮೋಡ, ಎಂಬ ಮಾತೂ ಬಂದಿದೆ. ಆ ಹೆಸರನ್ನು ಕೇಳಿ ಮೋಸಹೋಗಬಾರದು. ಅದು ನೆಲದ ಮೇಲೆ ನಿಂತ ಗಟ್ಟಿ ಕಟ್ಟಡ. ಒಳಗೆ ಆಳೆತ್ತರದ ಬೀರುಗಳು ಸಾಲುಸಾಲಾಗಿ ನಿಂತಿರುತ್ತವೆ. ಒಂದೊಂದು ಬೀರುವಿನಲ್ಲಿ ಚಪ್ಪಟೆಯಾದ ಯಂತ್ರಗಳನ್ನು ತಟ್ಟೆ ಜೋಡಿಸಿದಂತೆ ಒಂದರ ಮೇಲೊಂದು ಜೋಡಿಸಿರುತ್ತಾರೆ. ಅವು ಹಗಲಿರುಳೂ ಉರಿಯುವ ಒಲೆಗಳಂತೆ ಕಾವು ಕಾರುತ್ತವೆ. ಆ ಕಾವನ್ನು ಹೊರಗೆ ಸಾಗಿಸಲು ತಂಪು ಗಾಳಿಯ ಯಂತ್ರಗಳು. ವಿದ್ಯುತ್ತಿಗೆ ಎರಡು ದಾರಿ; ಎರಡೂ ಕೈಕೊಟ್ಟರೆ ಕ್ಷಣಮಾತ್ರದಲ್ಲಿ ಹೊರೆ ಹೊರುವ ಬ್ಯಾಟರಿಗಳು; ಅವು ಬರಿದಾಗುವುದರೊಳಗೆ ಎದ್ದುಕೊಳ್ಳುವ ಡೀಸೆಲ್ ಜನರೇಟರುಗಳು. ಒಳಗೆ ಜನರ ಓಡಾಟ ಬಹಳ ಕಡಿಮೆ. ಸೋಜಿಗದ ಸಂಗತಿಯೆಂದರೆ, ಈ ಯಂತ್ರಗಳಿಗೆ ಸಾಮಾನ್ಯವಾಗಿ ಪರದೆಯೂ ಇರುವುದಿಲ್ಲ, ಕೀಲಿಮಣೆಯೂ ಇರುವುದಿಲ್ಲ. ಅವುಗಳನ್ನು ಆಳುವವರು ಬೇರೊಂದು ಅಂತಸ್ತಿನಲ್ಲಿ, ಬೇರೊಂದು ಊರಿನಲ್ಲಿ, ಕೆಲವೊಮ್ಮೆ ಬೇರೊಂದು ದೇಶದಲ್ಲಿ ಕುಳಿತಿರುತ್ತಾರೆ. ನಮ್ಮ ಹಾಗೆಯೇ ಅವರಿಗೂ ಸರ್ವರ್ ದೂರವೇ.

ಹಾಗಾದರೆ ಕೈಗೆ ಸಿಗದ ವಸ್ತುವನ್ನು ನೋಡಿಕೊಳ್ಳುವುದು ಹೇಗೆ? ನಮ್ಮ ಸಿರಾ ಈ ಪ್ರಶ್ನೆಯನ್ನು ಹಿಂದೆಯೇ ಕಂಡಿದೆ. ೧೬೮೭ರಲ್ಲಿ ಮೊಗಲರು ಸಿರಾವನ್ನು ಒಂದು ಪ್ರಾಂತದ ರಾಜಧಾನಿಯನ್ನಾಗಿ ಮಾಡಿದರು. ಬಾದಶಹರು ಎಲ್ಲಿಯೋ, ಸಿರಾ ಎಲ್ಲಿಯೋ. ದೂರದಿಂದ ಆಳಬೇಕಾದರೆ ಅಪ್ಪಣೆ ಹೋಗಬೇಕು. ಅದು ನಿಜವಾದ ಅಪ್ಪಣೆಯೆಂದು ಅಲ್ಲಿಯವರು ನಂಬಬೇಕು. ದಾರಿಯಲ್ಲಿ ಬೇರೆಯವರು ಒಡೆದು ಓದಬಾರದು. ಅದಕ್ಕಾಗಿ ಮುದ್ರೆ, ಅದಕ್ಕಾಗಿ ನಂಬಿಕೆಯ ಹರಿಕಾರ. ದೂರದ ಗಣಕಯಂತ್ರಕ್ಕೂ ಬೇಕಾದುದು ಇವೇ.

ಮೊದಮೊದಲು ದೂರದ ಯಂತ್ರಕ್ಕೆ ಕಳುಹಿಸುತ್ತಿದ್ದ ಅಪ್ಪಣೆಗಳು ತೆರೆದ ಕಾಗದದಂತೆ ಹೋಗುತ್ತಿದ್ದವು. ಗುಪ್ತಪದವೂ ತೆರೆದೇ ಹೋಗುತ್ತಿದ್ದಿತು. ೧೯೯೫ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಕಳ್ಳರು ಹೊಂಚುಹಾಕಿ ಇಂಥ ಗುಪ್ತಪದಗಳನ್ನು ಕದ್ದರು. ಅಲ್ಲಿಯೇ ಇದ್ದ ತಾತು ಯ್ಲೋನೆನ್ ಎಂಬಾತ ಅದನ್ನು ಕಂಡು ‘ಎಸ್.ಎಸ್.ಎಚ್.’ ಎಂಬ ಹೊಸ ವಿಧಾನವನ್ನು ರಚಿಸಿದ. ಇದರಲ್ಲಿ ಮಾತೆಲ್ಲ ದಾರಿಯಲ್ಲಿ ಗೂಢಲಿಪಿಯಾಗಿ ಹೋಗುತ್ತದೆ. ಇನ್ನೊಂದು ಸೊಗಸೂ ಉಂಟು. ಬೀಗವನ್ನು ದೂರದ ಯಂತ್ರದ ಬಾಗಿಲಿಗೆ ಹಾಕಿ, ಕೀಲಿಕೈಯನ್ನು ಆಳುವವನು ತನ್ನಲ್ಲೇ ಇಟ್ಟುಕೊಳ್ಳಬಹುದು; ಕೀಲಿಕೈ ಯಾವಾಗಲೂ ದಾರಿಗೆ ಇಳಿಯುವುದಿಲ್ಲ. ಇಂದು ಲೋಕದ ಸರ್ವರುಗಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಈ ದಾರಿಯಲ್ಲಿಯೇ ಓಡಾಡುತ್ತಾರೆ.

ಯಂತ್ರ ಎಚ್ಚರವಾಗಿದ್ದಾಗ ಇದು ಸಾಕು. ಅದು ಮೂರ್ಛೆಹೋದರೆ? ಬಾಗಿಲು ತಟ್ಟಿದರೆ ತೆಗೆಯುವವರೇ ಇಲ್ಲ. ಅದಕ್ಕಾಗಿ ಒಂದೊಂದು ಸರ್ವರಿನೊಳಗೂ ಇನ್ನೊಂದು ಪುಟ್ಟ ಗಣಕವನ್ನು ಕೂರಿಸುವ ಪದ್ಧತಿ ಬಂದಿದೆ. ೧೯೯೮ರಲ್ಲಿ ಕೆಲವು ದೊಡ್ಡ ಕಂಪೆನಿಗಳು ಕೂಡಿ ಅದಕ್ಕೆ ಸಾಮಾನ್ಯವಾದ ನಿಯಮಗಳನ್ನು ಮಾಡಿದವು. ಯಜಮಾನ ಮಲಗಿದಾಗ ಜಗಲಿಯಲ್ಲಿ ಎಚ್ಚರವಿರುವ ಆಳಿನಂತೆ ಅದು. ದೊಡ್ಡ ಯಂತ್ರ ನಿಂತುಹೋಗಿದ್ದರೂ, ಕಟ್ಟಡಕ್ಕೆ ವಿದ್ಯುತ್ ಇರುವ ತನಕ ಇದು ಎದ್ದಿರುತ್ತದೆ. ದೂರದಿಂದ ಕೇಳಿದರೆ ಕಾವು ಎಷ್ಟಿದೆ, ಬೀಸಣಿಗೆ ತಿರುಗುತ್ತಿದೆಯೇ ಎಂದು ಹೇಳುತ್ತದೆ; ಅಪ್ಪಣೆಯಾದರೆ ಯಜಮಾನನನ್ನು ತಟ್ಟಿ ಎಬ್ಬಿಸುತ್ತದೆ. ಅದರಿಂದಲೂ ಆಗದಿದ್ದರೆ, ಬೀರುವಿಗೆ ಹೋಗುವ ವಿದ್ಯುತ್ತನ್ನೇ ದೂರದಿಂದ ಆರಿಸಿ ಮತ್ತೆ ಹೊತ್ತಿಸುವ ಗುಂಡಿಗಳಿರುತ್ತವೆ. ಎಲ್ಲಕ್ಕೂ ಕೊನೆಯದು ಮನುಷ್ಯನ ಕೈ: ಕಟ್ಟಡದಲ್ಲಿರುವ ಕಾವಲಿನವನಿಗೆ ದೂರವಾಣಿಯಲ್ಲಿ, ‘ಇಂಥ ಸಾಲಿನ ಇಂಥ ಬೀರುವಿನ ಇಷ್ಟನೆಯ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಪ್ಪಾ’ ಎಂದು ಹೇಳಿ ಮಾಡಿಸುವುದು.

ಸಾಧನಗಳು ಇಷ್ಟಾಯಿತು. ಸಾಧನ ಇದ್ದ ಮಾತ್ರಕ್ಕೆ ಆಡಳಿತ ಚೆನ್ನಾಗಿರುವುದಿಲ್ಲ. ಅದಕ್ಕೆ ನೇಮವೂ ಬೇಕು. ಅಂಥ ಮೂರು ನೇಮಗಳನ್ನು, ಅವು ತಪ್ಪಿದಾಗ ಆದ ಅನರ್ಥಗಳೊಡನೆ ಹೇಳುತ್ತೇನೆ.

ಮೊದಲನೆಯದು: ಒಳಗೆ ಹೋಗುವ ದಾರಿಯನ್ನು ಎಂದೂ ಒಂದೇ ಇಟ್ಟುಕೊಳ್ಳಬಾರದು. ೨೦೨೧ರ ಅಕ್ಟೋಬರ್ ೪ರ ರಾತ್ರಿ ನಮ್ಮ ಊರುಗಳಲ್ಲಿಯೂ ವಾಟ್ಸಾಪ್ ನಿಂತುಹೋದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಫೇಸ್‌ಬುಕ್ ಸಂಸ್ಥೆಯವರು ತಮ್ಮ ದತ್ತಾಂಶ ಕೇಂದ್ರಗಳನ್ನು ಕೂಡಿಸುವ ಹೆದ್ದಾರಿಯನ್ನು ಪರೀಕ್ಷಿಸುತ್ತಿದ್ದಾಗ ಕೊಟ್ಟ ಒಂದು ಅಪ್ಪಣೆಯಿಂದ ಆ ಹೆದ್ದಾರಿಯೇ ಮುಚ್ಚಿಹೋಯಿತು. ಅಂಥ ಅಪ್ಪಣೆಯನ್ನು ತಡೆಯಬೇಕಾಗಿದ್ದ ಪರೀಕ್ಷಾಯಂತ್ರದಲ್ಲಿಯೂ ದೋಷವಿದ್ದಿತು. ಸರಿಪಡಿಸೋಣವೆಂದರೆ, ಅಲ್ಲಿಗೆ ಹೋಗಲು ಇದ್ದ ದಾರಿಗಳೂ ಅದೇ ಹೆದ್ದಾರಿಯನ್ನು ನಂಬಿಕೊಂಡಿದ್ದವು. ಕೀಲಿಕೈಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರ ಪಾಡಾಯಿತು. ಕಡೆಗೆ ಎಂಜಿನಿಯರುಗಳು ಕಟ್ಟಡಗಳಿಗೇ ಹೋಗಬೇಕಾಯಿತು. ಕಳ್ಳರು ನುಗ್ಗಬಾರದೆಂದು ಮಾಡಿದ ಭದ್ರತೆ ಅವರನ್ನೂ ತಡವಾಗಿಸಿತು. ಎಲ್ಲ ಸರಿಹೋಗಲು ಸುಮಾರು ಆರು ಗಂಟೆ ಹಿಡಿಯಿತು. ಬುದ್ಧಿವಂತರು ಅಪಾಯದ ಬದಲಾವಣೆ ಮಾಡುವಾಗ ಒಂದು ಉಪಾಯ ಮಾಡುತ್ತಾರೆ. ‘ಹತ್ತು ನಿಮಿಷದೊಳಗೆ ನಾನು ಸರಿಯಾಗಿದೆ ಎಂದು ಹೇಳದಿದ್ದರೆ, ನೀನೇ ಹಿಂದಿನ ಸ್ಥಿತಿಗೆ ಮರಳು’ ಎಂದು ಯಂತ್ರಕ್ಕೆ ಮೊದಲೇ ಕಟ್ಟುಮಾಡಿರುತ್ತಾರೆ. ಬಾಗಿಲು ಮುಚ್ಚಿಕೊಂಡರೂ ತಾನಾಗಿ ತೆರೆಯುತ್ತದೆ.

ಎರಡನೆಯದು: ಅಪ್ಪಣೆ ಕೊಡುವ ಮೊದಲು ಎದುರಿಗಿರುವವರು ಯಾರೆಂದು ನೋಡಿಕೊಳ್ಳಬೇಕು. ದೂರದ ಯಂತ್ರಗಳಿಗೆ ಮುಖವಿಲ್ಲ. ಪರದೆಯ ಮೇಲೆ ಹತ್ತು ಕಿಟಕಿಗಳು ತೆರೆದಿದ್ದರೆ ಹತ್ತೂ ಒಂದೇ ಬಗೆಯಾಗಿ ಕಾಣುತ್ತವೆ. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರೊಬ್ಬ ರಾತ್ರಿ ಬಹಳ ಹೊತ್ತು ದುಡಿದು ದಣಿದಿದ್ದ. ನಕಲಿನ ಯಂತ್ರದಲ್ಲಿದ್ದ ಕಡತವನ್ನು ಅಳಿಸುವ ಬದಲು ಮೂಲದ ಯಂತ್ರದಲ್ಲಿದ್ದುದನ್ನೇ ಅಳಿಸಲು ಅಪ್ಪಣೆ ಕೊಟ್ಟ. ಕ್ಷಣದಲ್ಲಿಯೇ ಎಚ್ಚೆತ್ತು ನಿಲ್ಲಿಸಿದ. ಅಷ್ಟರಲ್ಲಿ ಬಹುಭಾಗ ಹೋಗಿಬಿಟ್ಟಿತ್ತು. ಬೇರೆ ಪ್ರತಿಗಳನ್ನು ಹುಡುಕಿದರೆ, ಪ್ರತಿ ಮಾಡುವ ಹಲವು ಏರ್ಪಾಡುಗಳು ಕೆಲಸ ಮಾಡುತ್ತಲೇ ಇರಲಿಲ್ಲವೆಂದು ಆಗ ಗೊತ್ತಾಯಿತು. ಅದೃಷ್ಟವಶಾತ್ ಆರು ಗಂಟೆ ಹಳೆಯದಾದ ಪ್ರತಿಯೊಂದು ಸಿಕ್ಕಿತು. ಆ ಸಂಸ್ಥೆಯವರನ್ನು ಒಂದು ವಿಷಯದಲ್ಲಿ ಮೆಚ್ಚಬೇಕು. ಅವರು ನಡೆದುದನ್ನು ಮುಚ್ಚಿಡಲಿಲ್ಲ. ತಪ್ಪು ಎಲ್ಲಿ ಆಯಿತು, ಏನು ಮಾಡುತ್ತಿದ್ದೇವೆ ಎಂಬುದನ್ನು ಆ ಹೊತ್ತಿನಲ್ಲಿಯೇ ಲೋಕಕ್ಕೆಲ್ಲ ತಿಳಿಸುತ್ತ ಹೋದರು.

ಮೂರನೆಯದು: ಪ್ರತಿಯೊಂದನ್ನು ಬೇರೆ ಊರಿನಲ್ಲಿ ಇಡಬೇಕು. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿದ್ದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ಸರ್ಕಾರದ ೭೦೯ ವ್ಯವಸ್ಥೆಗಳು ಒಮ್ಮೆಗೇ ನಿಂತವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ಭಂಡಾರಕ್ಕೆ, ಅದು ತೀರ ದೊಡ್ಡದೆಂಬ ಕಾರಣದಿಂದ, ಹೊರಗೆ ಪ್ರತಿಯೇ ಇರಲಿಲ್ಲ. ಅದು ಸುಟ್ಟುಹೋಯಿತು. ತಂತ್ರವಿದ್ಯೆಯಲ್ಲಿ ಲೋಕಕ್ಕೆ ಮುಂದಾದ ದೇಶವದು, ಆದರೂ ಹಾಗಾಯಿತು.

ಕನ್ನಡ ಪಂಡಿತನಾದ ನನಗೆ ಇದನ್ನು ಓದಿದಾಗ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಯಿತು. ಹತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಆ ಸಾಧ್ವಿ ಪೊನ್ನನ ಶಾಂತಿಪುರಾಣಕ್ಕೆ ಒಂದು ಸಾವಿರ ಓಲೆಯ ಪ್ರತಿಗಳನ್ನು ಮಾಡಿಸಿ ಹಂಚಿದಳು. ಶಾಂತಿಪುರಾಣ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ದೊರೆತಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿದ್ದ ರನ್ನನ ಪರಶುರಾಮ ಚರಿತವೂ ದೊರೆತಿಲ್ಲ. ಕಾವ್ಯದ ಗುಣ ಎಷ್ಟೇ ಇರಲಿ, ಪ್ರತಿ ಇಲ್ಲದುದು ಗೆದ್ದಲಿಗೂ ಬೆಂಕಿಗೂ ಹೋಗುತ್ತದೆ. ಸರ್ವರನ್ನು ನೋಡಿಕೊಳ್ಳುವವರಿಗೆ ಅತ್ತಿಮಬ್ಬೆಯ ಚಿತ್ರವೊಂದನ್ನು ಕೊಡಿಸಿದರೆ ತಪ್ಪಾಗಲಾರದು.

ಇವನ್ನೆಲ್ಲ ಕೇಳಿ, ದೂರವಾದುದೇ ಅನರ್ಥಕ್ಕೆ ಮೂಲವೆಂದು ತಾವು ಎಣಿಸಬಾರದು. ನಮ್ಮ ಹಾಸನದಲ್ಲಿ ೧೯೮೨ರಿಂದ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಲ್ಲಿ ಕುಳಿತವರು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ಹಗಲೂ ರಾತ್ರಿಯೂ ನೋಡಿಕೊಳ್ಳುತ್ತಾರೆ. ತಂತಿ ಸಿಕ್ಕಿಸಲು ಅಲ್ಲಿ ಕಾವಲಿನವನೂ ಇಲ್ಲ. ಅದಕ್ಕೂ ದೂರದ ಮಾತು ಹೇಳುವುದಾದರೆ, ೧೯೭೭ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್-೧ ನೌಕೆ ೨೦೨೩ರ ನವೆಂಬರಿನಲ್ಲಿ ಅರ್ಥವಿಲ್ಲದ ಮಾತನಾಡತೊಡಗಿತು. ಆಗ ಅದು ೨,೪೦೦ ಕೋಟಿ ಕಿಲೋಮೀಟರ್ ಆಚೆಯಲ್ಲಿದ್ದಿತು. ಒಂದು ಅಪ್ಪಣೆ ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ ಗಂಟೆ. ಅದರ ಗಣಕದ ಒಂದು ಚೂರು ಕೆಟ್ಟಿದೆಯೆಂದು ಕಂಡುಹಿಡಿದು, ಅಲ್ಲಿದ್ದ ಸೂಚನೆಗಳನ್ನು ಬೇರೆಡೆಗೆ ಸಾಗಿಸಿ, ೨೦೨೪ರ ಏಪ್ರಿಲಿನಲ್ಲಿ ಅದರ ಬಾಯಿಂದ ಮತ್ತೆ ನೆಟ್ಟಗೆ ಮಾತು ಹೊರಡಿಸಿದರು. ಪಾವಗಡದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ನೂರು ಮೈಲಿ. ಅದು ದೂರವೆನ್ನುವ ಮಾತಲ್ಲ.

ಪಾವಗಡದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡಬೇಕು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು—ಈ ಐದು ಊರುಗಳ ಸುಮಾರು ೧೩,೦೦೦ ಎಕರೆ ಜಮೀನಿನಲ್ಲಿ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವಿದೆ. ೨೦೧೮ರ ಮಾರ್ಚಿಯಲ್ಲಿ ಅದರ ಮೊದಲ ಭಾಗದ ಉದ್ಘಾಟನೆಯಾಯಿತು. ೨೦೧೯ರ ಕೊನೆಯ ಹೊತ್ತಿಗೆ ಪೂರ್ಣವಾಯಿತು. ಜಮೀನು ರೈತರದೇ, ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಮೋಡ ಕವಿದು ವಿದ್ಯುತ್ ತಗ್ಗಿದರೆ ಬೆಂಗಳೂರಿನ ವಿದ್ಯುತ್ ವಿತರಣಾ ನಿಯಂತ್ರಣ ಕೇಂದ್ರದಲ್ಲಿ ಕುಳಿತವರಿಗೆ ಕೂಡಲೇ ಕಾಣುತ್ತದೆ. ಬೆಂಗಳೂರಿನ ದತ್ತಾಂಶ ಕೇಂದ್ರಗಳು ಕುಡಿಯುವುದೂ ಇದೇ ಜಾಲದ ವಿದ್ಯುತ್ತನ್ನು. ನಮ್ಮ ಬಿಸಿಲು ಅಲ್ಲಿಗೆ ಹೋಗುತ್ತದೆ, ನಮ್ಮ ಪಹಣಿ ಅಲ್ಲಿಂದ ಬರುತ್ತದೆ. ಇದು ಕೊಡುಕೊಳ್ಳುವ ನಂಟು. ಒಂದು ಕಡೆಯವರು ಬೇಡುವುದು, ಇನ್ನೊಂದು ಕಡೆಯವರು ದಯಪಾಲಿಸುವುದು ಎಂಬುದಿಲ್ಲ.

ಹಾಗಾದರೆ ನಮ್ಮ ಊರಿನಲ್ಲಿ ‘ಸರ್ವರ್ ಇಲ್ಲ’ ಎಂದಾಗ ನಿಜವಾಗಿ ಏನು ಆಗಿರುತ್ತದೆ? ಮನೆಯಲ್ಲಿ ರೇಡಿಯೋ ಇರುವವರಿಗೆ ಇದನ್ನು ತಿಳಿಸುವುದು ಸುಲಭ. ರೇಡಿಯೋ ಮಾತನಾಡದಿದ್ದರೆ ತಾವು ಏನು ಮಾಡುತ್ತೀರಿ? ಮೊದಲು ವಿದ್ಯುತ್ ಇದೆಯೇ, ಬ್ಯಾಟರಿ ತೀರಿದೆಯೇ ಎಂದು ನೋಡುತ್ತೀರಿ. ಆಮೇಲೆ ಬೇರೆ ನಿಲಯಕ್ಕೆ ತಿರುಗಿಸುತ್ತೀರಿ. ಅದು ಕೇಳಿಸಿದರೆ ನಿಮ್ಮ ಪೆಟ್ಟಿಗೆ ಸರಿಯಾಗಿದೆ. ಮೊದಲಿನ ನಿಲಯದಲ್ಲೇ ಏನೋ ತೊಡಕಾಗಿದೆ. ಯಾವುದೂ ಕೇಳಿಸದಿದ್ದರೆ ತೊಡಕು ನಿಮ್ಮಲ್ಲಿ. ಸರ್ವರಿಗೂ ಇದೇ ನ್ಯಾಯ. ಯಂತ್ರದ ತೊಡಕುಗಳು ಇರುವುದು ಮೂರು ಸ್ಥಳಗಳಲ್ಲಿ: ಇಲ್ಲಿಯ ಯಂತ್ರದಲ್ಲಿ, ನಡುವಣ ದಾರಿಯಲ್ಲಿ, ಆಚೆಯ ಸರ್ವರಿನಲ್ಲಿ. ರಸ್ತೆ ಅಗೆಯುವಾಗ ಜೆ.ಸಿ.ಬಿ. ಹಲ್ಲು ತಗುಲಿ ಕೇಬಲ್ ಕಡಿದರೆ ಅದು ದಾರಿಯ ತೊಡಕು. ಕೊನೆಯ ದಿನಾಂಕದ ಸಂಜೆ ನಾಡಿನವರೆಲ್ಲ ಒಮ್ಮೆಗೇ ನುಗ್ಗಿದರೆ ಅದು ಆಚೆಯ ತೊಡಕು: ನೂರು ಎಲೆಗೆ ಬಡಿಸುವವನ ಮುಂದೆ ಹತ್ತು ಸಾವಿರ ಎಲೆ ಹಾಸಿದಂತೆ. ಮೂರಕ್ಕೂ ‘ಸರ್ವರ್ ಇಲ್ಲ’ ಎಂಬ ಒಂದೇ ಮಾತನ್ನು ಆಡಿದರೆ ಒಂದೂ ಸರಿಹೋಗುವುದಿಲ್ಲ.

ನಾಲ್ಕನೆಯ ತೊಡಕೂ ಒಂದುಂಟು. ಅದನ್ನು ಹೇಳಲು ನನ್ನ ಕಥೆಯನ್ನೇ ಹೇಳಬೇಕಾಗಿದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿತ್ತು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಅದೇ ಹೋಗುವ ಮೊದಲು ತಿದ್ದಬೇಕಾಗಿತ್ತು. ಅವಳ ತಾಯಿ ಕೂಲಿ ಬಿಟ್ಟು, ಎರಡು ಬಸ್ಸು ಹಿಡಿದು, ದಾಖಲೆಗಳನ್ನು ತಂದರು. ನಾನು ಯಂತ್ರದ ಮುಂದೆ ಕುಳಿತೆ. ಗುಪ್ತಪದ ಬರೆದಿಟ್ಟಿದ್ದ ಚೀಟಿ ಸಿಗಲಿಲ್ಲ. ನೆನಪಿನಿಂದ ಮೂರು ಸಲ ಹೊಡೆದೆ, ಬಾಗಿಲು ತೆಗೆಯಲಿಲ್ಲ. ಆಗ ಆ ತಾಯಿಯ ಕಡೆ ತಿರುಗಿ, “ಸರ್ವರ್ ಇಲ್ಲ ಕಣಮ್ಮ, ನಾಳೆ ಬನ್ನಿ” ಎಂದೆ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ನಾಳಿಕ್ ಬತ್ತೀನಿ ಬಿಡಿ ಮೇಷ್ಟ್ರೇ” ಎಂದು ಹೋದರು. ಮರುದಿನ ಮತ್ತೆ ಬಂದರು. ಅಕ್ಷರ ತಿದ್ದಿದ್ದಾಯಿತು. ಒಂದು ದಿನದ ಕೂಲಿ ಮಾತ್ರ ನನ್ನ ಮರೆವಿಗೆ ಹೋಯಿತು. ಆ ಸಾಲವನ್ನು ನಾನು ಸರ್ವರಿನ ತಲೆಗೆ ಕಟ್ಟಿದ್ದೆ. ‘ಚೀಟಿ ಕಳೆದುಕೊಂಡಿದ್ದೇನೆ, ತಪ್ಪು ನನ್ನದು’ ಎನ್ನಲು ನನ್ನ ನಾಲಗೆ ಏಳಲಿಲ್ಲ. ಮೂವತ್ತು ವರ್ಷದಿಂದ ಮಕ್ಕಳಿಗೆ ಸತ್ಯಹರಿಶ್ಚಂದ್ರನ ಕಥೆಯನ್ನು ಹೇಳುತ್ತ ಬಂದವನು ನಾನು.

ದೂರದ ಯಂತ್ರದಿಂದ ಆಗಬಹುದಾದ ದೊಡ್ಡ ಕೆಡುಕು ಇದು ಎಂದು ನನಗೆ ತೋರುತ್ತದೆ. ಹತ್ತಿರದವರ ತಪ್ಪನ್ನು ಹೇರಲು ಅದು ಹೇಳಿ ಮಾಡಿಸಿದ ಬೆನ್ನು. ಅದು ಎದುರುತ್ತರ ಕೊಡುವುದಿಲ್ಲ. ಗಿಟ್‌ಲ್ಯಾಬಿನವರು ಲೋಕದ ಮುಂದೆ ತಪ್ಪನ್ನು ಒಪ್ಪಿಕೊಂಡರು. ನಾನು ಒಬ್ಬ ತಾಯಿಯ ಮುಂದೆ ಒಪ್ಪಿಕೊಳ್ಳಲಿಲ್ಲ.

ಆದಕಾರಣ ನನ್ನ ಬಿನ್ನಹ ಇಷ್ಟು. ಕೊನೆಯ ದಿನಾಂಕದ ತನಕ ಕಾಯದೆ ನಮ್ಮ ಕೆಲಸವನ್ನು ನಾಲ್ಕು ದಿನ ಮುಂಚೆ ಮುಗಿಸಿಕೊಂಡರೆ ಆಚೆಯ ಹೊರೆ ಅಷ್ಟು ಇಳಿಯುತ್ತದೆ. ಯಾವುದೇ ದಾಖಲೆ ಯಂತ್ರಕ್ಕೆ ಏರಿದಾಗ ಅದು ಕೊಡುವ ಸ್ವೀಕೃತಿಯ ಚೀಟಿಯನ್ನು ಬಿಡದೆ ಕೇಳಿ ಪಡೆದು, ಮನೆಯಲ್ಲಿ ಒಂದು ಕಡೆ ಇಟ್ಟಿರಬೇಕು. ಅದೇ ನಮ್ಮ ಮಟ್ಟಿಗೆ ಬೇರೆ ಊರಿನಲ್ಲಿಟ್ಟ ಪ್ರತಿ. ಇನ್ನು ಕಚೇರಿಗಳಲ್ಲಿ, ಶಾಲೆಗಳಲ್ಲಿ, ಅಂಗಡಿಗಳಲ್ಲಿ ಕುಳಿತ ನಾವು ‘ಇಲ್ಲ’ ಎಂದು ಹೇಳಿ ಕಳುಹಿಸುವ ಬದಲು, ತೊಡಕು ಎಲ್ಲಿದೆಯೆಂದು ನೋಡಿ ಹೇಳಬೇಕು. ಬಂದವರ ಹೆಸರನ್ನೂ ದಿನಾಂಕವನ್ನೂ ಗಂಟೆಯನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡು, ಅವರಿಗೊಂದು ಚೀಟಿ ಬರೆದುಕೊಡಬೇಕು. ಯಂತ್ರ ನಿಂತ ದಿನ ಬಂದವರ ಗಡುವು ತಪ್ಪಿಹೋಗದಂತೆ ಆ ಚೀಟಿ ಸಾಕ್ಷಿಯಾಗುತ್ತದೆ. ನಮ್ಮ ಶಾಲೆಯಲ್ಲಿ ನಾನು ಹಾಗೊಂದು ಪುಸ್ತಕವನ್ನು ಇಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಆ ತಾಯಿ ಬಂದ ದಿನವನ್ನು ಬರೆದು, ಕಾರಣವೆಂಬ ಕಲಮಿನಲ್ಲಿ ‘ಮೇಷ್ಟರ ಮರೆವು’ ಎಂದು ಬರೆದಿದ್ದೇನೆ.

ಸರ್ವರು ಎಂದರೆ ಕನ್ನಡದಲ್ಲಿ ಎಲ್ಲರೂ ಎಂದು ಅರ್ಥ. ಅಜ್ಜಿ ಅರಿಯದೆ ಆಡಿದ ಆ ರೂಪವೇ ನನಗೆ ಸರಿಯಾಗಿ ಕಾಣುತ್ತದೆ. ಬೆಂಗಳೂರಿನ ಕಟ್ಟಡದಲ್ಲಿ ಎಚ್ಚರವಿರುವವನು, ಪಾವಗಡದ ರಸ್ತೆಯಲ್ಲಿ ಕೇಬಲ್ ಬೆಸೆಯುವವನು, ಅಂಗಡಿಯಲ್ಲಿ ತಕ್ಕಡಿ ಹಿಡಿದವನು, ಶಾಲೆಯಲ್ಲಿ ಚೀಟಿ ಕಾಪಾಡಬೇಕಾದ ನಾನು—ಇಷ್ಟು ಜನ ಕೂಡಿದರೆ ಸರ್ವರು ಬಂದ ಹಾಗೆ.

ಅಂದು ಸಂಜೆ ನಾಲ್ಕೂವರೆಗೆ ಆ ನ್ಯಾಯಬೆಲೆ ಅಂಗಡಿಯ ಯಂತ್ರ ‘ಕುಂಯ್’ ಎಂದು ಸದ್ದು ಮಾಡಿತಂತೆ. ಅಜ್ಜಿ ಅಲ್ಲಿಯೇ ಕುಳಿತಿದ್ದರಂತೆ. ಎದ್ದು ಬೆರಳು ಒರಸಿಕೊಂಡು ಹೋಗಿ ಅಕ್ಕಿ ತೆಗೆದುಕೊಂಡರೆಂದು ಅಂಗಡಿಯವನು ಆಮೇಲೆ ನನಗೆ ಹೇಳಿದ.